ಸ್ವಾಮಿಯ ತಾಯಿ ಯಾವಾಗ ಮಾತಾಡುತ್ತಾಳೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹತ್ತನೇ ತರಗತಿಯಲ್ಲಿ ಹುಡುಗರು, ಹುಡುಗಿಯರು ಹೆಚ್ಚುಕಡಿಮೆ ಸಮ ಇದ್ದಾರೆ. ಪಾಠದ ಮೇಲೆ ಏನಾದರೂ ಕೇಳಿದರೆ ಹುಡುಗರೇ ಬಾಯಿ ಹಾಕುತ್ತಾರೆ. ಹುಡುಗಿಯರು ನೋಟ್ಸ್ ಚೆಂದ ಬರೆಯುತ್ತಾರೆ, ತುಟಿ ಬಿಚ್ಚುವುದಿಲ್ಲ. ಅಜ್ಜಿ ಮರ ಹತ್ತುವ ಪದ್ಯ ಮಾಡುವಾಗ ಹುಡುಗರು ನಕ್ಕಿದ್ದೇ ನಕ್ಕಿದ್ದು. ತರಬೇತಿಯಲ್ಲಿ ಕೇಳಿ ಬಂದ ಲಿಂಗ ಸಮಾನತೆಯ ಮಾತನ್ನು ಒಂದು ದಿನ ಹೇಳಿದೆ. ಹುಡುಗಿಯರು ತಲೆ ತಗ್ಗಿಸಿದರು, ಹುಡುಗರು ಕಿಸಕ್ಕೆಂದರು. ಮುಖ್ಯ ಶಿಕ್ಷಕರು ‘ಮೊದಲು ಪೋರ್ಷನ್ ಮುಗಿಸಿ ಮೇಡಂ, ಪಾಸಿಂಗ್ ಪ್ಯಾಕೇಜ್ (ಪಾಸಾಗುವಷ್ಟು ಮಾತ್ರ ಓದಿಸುವ ಆಯ್ದ ಪಾಠ, ಪ್ರಶ್ನೆಗಳು) ಕಡೆ ನೋಡಿ’ ಅನ್ನುತ್ತಾರೆ. ಪಠ್ಯ ಬದಲಿಸುವಂತಿಲ್ಲ, ಸಮಯವೂ ಇಲ್ಲ. ಏನು ಮಾಡಬಹುದು?

ಉತ್ತರ: ಮೇಡಂ, ಮೊದಲು ಆ ಭಾಷಣ ಬಿಟ್ಟುಬಿಡಿ. ‘ಹೆಣ್ಣು ಗಂಡು ಸಮಾನ’ ಎಂದು ನೀವು ಬಾಯಿಬಿಟ್ಟು ಹೇಳಿದ ಕೂಡಲೇ ಕ್ಲಾಸು ಎರಡು ಪಾರ್ಟಿಯಾಗುತ್ತದೆ. ಹುಡುಗರಿಗೆ ಇದು ನಮ್ಮನ್ನೇ ಬೈಯುವುದು ಅನ್ನಿಸುತ್ತದೆ, ಹುಡುಗಿಯರಿಗೆ ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ ಅನ್ನಿಸುತ್ತದೆ. ತಲೆ ತಗ್ಗಿಸದೆ ಇನ್ನೇನು ಮಾಡಿಯಾರು?

ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ನಿಮ್ಮ ಕೈಯಲ್ಲಿ ಕಥೆ ಇದೆ. ತನ್ನ ಮನೆಯಲ್ಲಿ ಅಪ್ಪ ಅಮ್ಮನ ಮೇಲೆ ಹೇಗೆ ರೇಗುತ್ತಾನೆ ಎಂದು ಹದಿನೈದರ ಹುಡುಗಿ ಇಡೀ ಕ್ಲಾಸಿನ ಮುಂದೆ ಹೇಳುವುದಿಲ್ಲ. ನಾವು ಕೇಳಲೂಬಾರದು. ನಿಮ್ಮ ಪಠ್ಯದ ‘ಎ ಹೀರೋ’ ಕಥೆಯ ಹುಡುಗ ಸ್ವಾಮಿ, ಅವನ ಅಪ್ಪ ಅವನ ಅಮ್ಮನನ್ನು ಹೇಗೆ ನೋಡಿದ ಎಂದು ಕೇಳಿ ನೋಡಿ, ಸಾಲಿನ ಮೇಲೆ ಬೆರಳಿಟ್ಟು ಹೇಳುತ್ತಾಳೆ. ಆಗ ಅವಳು ಮಾತಾಡುತ್ತಿರುವುದು ಮಾಲ್ಗುಡಿಯ ಒಂದು ಮನೆಯ ಬಗ್ಗೆ, ತನ್ನ ಓಣಿಯ ಬಗ್ಗೆ ಅಲ್ಲ. ಆ ಮರೆ ಅವಳಿಗೆ ಬೇಕು. ಹುಡುಗರಿಗೂ ಬೇಕು.

ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠವನ್ನೇ ನೋಡೋಣ. ಅದನ್ನು ನಾವು ಸಾಧಾರಣವಾಗಿ ಹೇಗೆ ಮುಗಿಸುತ್ತೇವೆ? ಹುಲಿಗೆ ಎದುರಾದ ಹುಡುಗನ ಸುದ್ದಿ ಪೇಪರಿನಲ್ಲಿ ಬರುತ್ತದೆ, ಧೈರ್ಯ ದೊಡ್ಡದೋ ಶಕ್ತಿ ದೊಡ್ಡದೋ ಎಂಬ ವಾದ ಏಳುತ್ತದೆ, ಅಪ್ಪ ಸವಾಲು ಹಾಕುತ್ತಾನೆ. ಆಫೀಸ್ ರೂಮಿನ ಕತ್ತಲು, ಕಳ್ಳನ ಕಾಲಿಗೆ ಹಲ್ಲು, ಬೆಳಗ್ಗೆ ಎಲ್ಲರ ಶಭಾಷ್‌ಗಿರಿ. ‘ಕರೇಜ್ ಈಸ್ ಎವೆರಿಥಿಂಗ್’ ಎಂದು ಬೋರ್ಡಿನ ಮೇಲೆ ಬರೆದರೆ ಪಾಠ ಮುಗಿಯಿತು. ಇಷ್ಟರಲ್ಲಿ ಹೆಂಗಸರು ಎಲ್ಲಿದ್ದಾರೆ ಎಂದು ಕೇಳಲು ಪುರುಸೊತ್ತೇ ಸಿಗುವುದಿಲ್ಲ.

ಈಗ ಕಥೆಯ ಮೊದಲ ಭಾಗದ ಆ ಜಾಗಕ್ಕೆ ಮತ್ತೆ ಹೋಗಿ. ಅಜ್ಜಿಯ ಪಕ್ಕ, ಅಮ್ಮನ ಪಕ್ಕ ಮಲಗುವುದು ನಾಚಿಕೆಗೇಡು ಎಂದು ಅಪ್ಪ ಮಗನಿಗೆ ಹೇಳುತ್ತಾನೆ. ನಿನ್ನನ್ನು ಬೆಳೆಸುತ್ತಿರುವ ರೀತಿ ನನಗೆ ಹಿಡಿಸುತ್ತಿಲ್ಲ ಎಂದೂ ಸೇರಿಸುತ್ತಾನೆ. ಹೇಳಿ ಹೆಂಡತಿಯ ಕಡೆ ನೋಡುತ್ತಾನೆ. ಆಕೆ ತೊಟ್ಟಿಲು ತೂಗುತ್ತಿದ್ದಾಳೆ. ನನ್ನನ್ನು ಯಾಕೆ ನೋಡುತ್ತೀರಿ, ಈ ಹುಡುಗನ ವಿಷಯ ನನಗೇನು ಗೊತ್ತು, ನಿಮ್ಮ ತಾಯಿ ಅವನನ್ನು ಕೆಡಿಸುತ್ತಿದ್ದಾರೆ ಅನ್ನುವುದಾದರೆ ಅವರಿಗೇ ಹೋಗಿ ಹೇಳಿ ಎಂಬರ್ಥ ಬರುವಂತೆ ಉತ್ತರ ಕೊಟ್ಟು ಮುಖ ತಿರುಗಿಸುತ್ತಾಳೆ. ನಾಲ್ಕೈದು ಸಾಲು, ಅಷ್ಟೇ. ಮಗ ಹೆದರುಪುಕ್ಕಲನಾದರೆ ಅದರ ಲೆಕ್ಕ ಯಾರ ಹೆಸರಿಗೆ ಬೀಳುತ್ತದೆ ಎಂಬ ಇಡೀ ಸಂಸಾರದ ಸಂಗತಿ ಅದರೊಳಗೇ ಇದೆ.

ಇಲ್ಲಿ ನಿಲ್ಲಿಸಿ ಕೇಳಿ. ಅಪ್ಪ ಮಾತಾಡಿದ್ದು ಯಾರ ಜೊತೆ, ನೋಡಿದ್ದು ಯಾರನ್ನು? ಆಗ ಅಮ್ಮನ ಕೈ ಏನು ಮಾಡುತ್ತಿತ್ತು? ಅವಳ ಉತ್ತರದಲ್ಲಿರುವುದು ಸಿಟ್ಟೋ ಹೆದರಿಕೆಯೋ, ಯಾವ ಪದ ನೋಡಿ ಹೇಳಿದೆ? ಅಜ್ಜಿಗೇ ಹೇಳಿ ಅಂದಳಲ್ಲ, ಅಪ್ಪ ಹೇಳಿದನೇ? ಇವಕ್ಕೆ ಉತ್ತರ ಕೊಡಲು ಗಟ್ಟಿ ಇಂಗ್ಲಿಷ್ ಬೇಕಿಲ್ಲ. ‘ಸಾಲು ತೋರಿಸು’ ಎಂದರೆ ತೋರಿಸುತ್ತಾರೆ, ಯಾಕೆ ಎಂದು ಕನ್ನಡದಲ್ಲಿ ಹೇಳುತ್ತಾರೆ, ಆಮೇಲೆ ಒಂದೇ ಒಂದು ವಾಕ್ಯ ಇಂಗ್ಲಿಷಿನಲ್ಲಿ ಕಟ್ಟಿಸಿ. ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಉತ್ತರ ಎಂಬ ನಿಯಮ ಇಟ್ಟ ಕ್ಲಾಸಿನಲ್ಲಿ ಮಾತಾಡುವವರು ಮೂರು ಮತ್ತೊಬ್ಬರು, ಅವರೂ ತಪ್ಪಾದರೆ ನಾಚದ ಹುಡುಗರು. ನಿಮ್ಮ ಹುಡುಗಿಯರು ಸುಮ್ಮನಿರುವುದಕ್ಕೆ ಅರ್ಧ ಕಾರಣ ಇದೇ ಇರಬೇಕು. ತಪ್ಪು ಇಂಗ್ಲಿಷ್ ಆಡಿದ ಹುಡುಗನನ್ನು ನೋಡಿ ಕ್ಲಾಸು ನಕ್ಕರೆ ಅವನೂ ಸೇರಿ ನಗುತ್ತಾನೆ. ಅದೇ ನಗು ಹುಡುಗಿಯ ಬೆನ್ನು ಬಿಡುವುದಿಲ್ಲ, ಬಸ್ ಸ್ಟಾಪಿನ ತನಕ ಬರುತ್ತದೆ.

ಅದೇ ಕಥೆಯ ಕೊನೆಯಲ್ಲಿ ಹುಡುಗರಿಗೊಂದು ಬುತ್ತಿ ಕಟ್ಟಿಟ್ಟಿದೆ. ಊರೆಲ್ಲ ಹೊಗಳಿದ ಆ ಹೀರೋ ರಾತ್ರಿ ಆಗುವುದರೊಳಗೆ ಮತ್ತೆ ಅಜ್ಜಿಯ ಪಕ್ಕ ಮಲಗಿದ್ದಾನೆ. ಅಮ್ಮ ಅವನ ಪರ ನಿಲ್ಲುತ್ತಾಳೆ, ಅಪ್ಪ ‘ಏನಾದರೂ ಮಾಡಿಕೊಳ್ಳಿ, ಆಮೇಲೆ ನನ್ನನ್ನು ದೂರಬೇಡಿ’ ಎಂಬಂತೆ ಕೈಚೆಲ್ಲುತ್ತಾನೆ, ಹುಡುಗ ಕಂಬಳಿಯೊಳಗಿಂದ ಎಲ್ಲ ಕೇಳಿಸಿಕೊಂಡು ‘ಸದ್ಯ’ ಎಂದುಸಿರು ಬಿಡುತ್ತಾನೆ. ಪೊಲೀಸ್ ಕೆಲಸಕ್ಕೆ ಸೇರುತ್ತೀಯಾ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಮರ್ಯಾದೆಗೆ ಹೂಂ ಅಂದರೂ ಅವನ ಮನಸ್ಸಿನಲ್ಲಿರುವುದು ರೈಲು ಓಡಿಸುವುದು, ಇಲ್ಲವೇ ಗಾರ್ಡು, ಬಸ್ ಕಂಡಕ್ಟರು. ಗಂಡು ಹುಡುಗ ಹೆದರಬಹುದು, ಹೆದರಿದರೂ ಕಥೆಯ ನಾಯಕ ಅವನೇ ಎಂದು ಲೇಖಕರೇ ಬರೆದಿಟ್ಟಿದ್ದಾರೆ. ನಾವು ‘ಕರೇಜ್’ ಎಂದು ಬೋರ್ಡಿನ ಮೇಲೆ ಬರೆದು ಅದನ್ನು ಒರೆಸಿ ಹಾಕುತ್ತೇವೆ. ‘ಸ್ವಾಮಿ ಕೊನೆಯಲ್ಲಿ ಧೈರ್ಯವಂತನಾದನೇ?’ ಎಂದು ಕೇಳಿ ಸುಮ್ಮನೆ ನಿಂತುಬಿಡಿ. ಅವತ್ತು ಹುಡುಗರು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ. ಸಮಾನತೆ ಅಂದರೆ ಹೆಣ್ಣುಮಕ್ಕಳ ವಿಷಯ ಎಂದುಕೊಂಡರೆ ಅರ್ಧ ಕ್ಲಾಸು ಆಚೆ ಉಳಿಯುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಪ್ರತಿವರ್ಷ ಹಿಂದೆ ಬೀಳುತ್ತಿರುವವರು ಗಂಡುಮಕ್ಕಳು ಎಂಬುದನ್ನೂ ಮರೆಯುವ ಹಾಗಿಲ್ಲ.

ಇನ್ನು ನಿಮ್ಮ ಹುಡುಗರ ನಗು. ರಸ್ಕಿನ್ ಬಾಂಡ್ ಅವರ ಅಜ್ಜಿಯ ಪದ್ಯ ನಗಿಸಲೆಂದೇ ಬರೆದದ್ದು. ನಕ್ಕಿದ್ದರಲ್ಲಿ ತಪ್ಪಿಲ್ಲ, ಗದರಿಸಬೇಡಿ. ‘ಪದ್ಯದೊಳಗೆ ನಗುವವರು ಯಾರು, ಸಾಲು ತೋರಿಸು’ ಅನ್ನಿ. ನಗುವವಳು ಅಜ್ಜಿಯೇ. ವಯಸ್ಸಾದ ಮೇಲೆ ಮರ ಹತ್ತುವುದು ನಿಲ್ಲಿಸಬೇಕು, ಗೌರವವಾಗಿ ಮುದುಕಿಯಾಗಬೇಕು ಎಂದು ಬುದ್ಧಿ ಹೇಳಿದವರನ್ನು ನೋಡಿ ನಗುತ್ತಾಳೆ. ಆಕೆಗೆ ಮರ ಹತ್ತಲು ಕಲಿಸಿದ್ದು ಯಾರು? ಆರು ವರ್ಷದವಳಿದ್ದಾಗ ಪ್ರೀತಿಯ ಅಣ್ಣನೋ ತಮ್ಮನೋ ಕಲಿಸಿದ್ದು, ಕಂಸದೊಳಗೆ ಒಂದು ಮಾತಿನಲ್ಲಿ ಬಂದುಹೋಗುತ್ತದೆ. ಡಾಕ್ಟರು ಮಲಗಿರಿ ಎಂದಾಗ ಮನೆಯವರಿಗೆಲ್ಲ ನೆಮ್ಮದಿ, ಅಜ್ಜಿಗೆ ನರಕ. ಎದ್ದ ಮೇಲೆ ಮರದ ಮೇಲೊಂದು ಮನೆ ಕಟ್ಟಿಕೊಡು ಅಂದರೆ ಮಗ ಎದುರಾಡದೆ ಅಂದು ರಾತ್ರಿಯೇ ಕೆಲಸ ಶುರುಮಾಡುತ್ತಾನೆ. ಕೊನೆಯ ಸಾಲಿನಲ್ಲಿ ಮರದಲ್ಲಿ ವಾಸಿಸುವ ‘ಹಕ್ಕು’ ಎಂದೇ ಕವಿ ಹೇಳುತ್ತಾರೆ. ಈ ಪದ್ಯದ ಗಂಡಸರನ್ನು ಗಮನಿಸಿ. ಕಲಿಸಿದವನೊಬ್ಬ, ಕಟ್ಟಿಕೊಟ್ಟವನೊಬ್ಬ, ದಿನಾ ಹತ್ತಿಹೋಗಿ ಜೊತೆಗೆ ಕೂರುವ ಮೊಮ್ಮಗು ಒಂದು. ನಿಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಯಾವ ಭಾಷಣದಲ್ಲಿ ಸಿಕ್ಕೀತು?

ಈ ಪದ್ಯಕ್ಕೆ ಮನೆಗೆಲಸ ಕೊಡುವುದಾದರೆ ಅಜ್ಜಿಯನ್ನು ಕೇಳಿ ಬರಲು ಹೇಳಿ. ಚಿಕ್ಕವಳಿದ್ದಾಗ ಹುಣಸೆಮರ ಹತ್ತುತ್ತಿದ್ದೆಯಾ, ಬಾವಿಯಲ್ಲಿ ಈಜುತ್ತಿದ್ದೆಯಾ, ಯಾವಾಗ ಬಿಟ್ಟೆ, ಬಿಡು ಅಂದವರು ಯಾರು. ಕೇಳಿದ್ದನ್ನು ‘ಮೈ ಗ್ರಾಂಡ್‌ಮದರ್ ಯೂಸ್ಡ್ ಟು’ ಎಂದು ಐದು ವಾಕ್ಯ. ಮನೆಯ ವಿಷಯ ಕೆದಕಬೇಡಿ ಎಂದು ಮೇಲೆ ಹೇಳಿದೆ, ಆದರೆ ಅಜ್ಜಿಯ ಬಾಲ್ಯ ಸಾಕಷ್ಟು ದೂರದ್ದು, ಯಾರಿಗೂ ಚುಚ್ಚುವುದಿಲ್ಲ. ವ್ಯಾಕರಣದ ಒಂದು ಅಂಶವೂ ಮುಗಿಯುತ್ತದೆ.

‘ಕ್ವಾಲಿಟಿ ಆಫ್ ಮರ್ಸಿ’ ಪದ್ಯದಲ್ಲಿ ಇದಕ್ಕಿಂತ ದೊಡ್ಡ ಗಂಟೊಂದು ಬಿಚ್ಚದೆ ಉಳಿಯುತ್ತದೆ. ಮಕ್ಕಳಿಗೆ ಸಿಗುವುದು ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ಕಿತ್ತ ಒಂದು ತುಂಡು. ಬಾಯಿಪಾಠ ಮಾಡಿ ಬರೆದರೆ ಅಂಕ ಖಾತ್ರಿ. ದಯೆ ಮಳೆಯ ಹಾಗೆ ಎಂದು ಕೋರ್ಟಿನಲ್ಲಿ ನಿಂತು ಹೇಳುತ್ತಿರುವವಳು ಪೋರ್ಷಿಯಾ ಎಂಬ ಹೆಂಗಸು, ಆದರೆ ಆ ಕೋರ್ಟಿಗೆ ಅದು ಗೊತ್ತಿಲ್ಲ. ಬಾಲ್ತಸಾರ್ ಎಂಬ ಹೆಸರು ಹೇಳಿಕೊಂಡು, ಗಂಡು ವೇಷ ಹಾಕಿಕೊಂಡು ಬಂದಿದ್ದಾಳೆ. ಯಾಕೆ ವೇಷ? ಈ ಒಂದು ಪ್ರಶ್ನೆಗೆ ಹತ್ತು ನಿಮಿಷ ಕೊಡಿ. ವೆನಿಸ್ ಬಿಡಿ, ನಮ್ಮಲ್ಲೇ ಹೆಂಗಸರು ವಕೀಲಿಕೆ ಮಾಡಬಹುದು ಎಂದು ಕಾನೂನು ಬಂದದ್ದು 1923ರಲ್ಲಿ. ಅದಕ್ಕೂ ಮೊದಲು ಕಾನೂನು ಓದಿ ಪಾಸಾದ ಹೆಣ್ಣುಮಕ್ಕಳನ್ನು ಹೆಂಗಸು ಎಂಬ ಒಂದೇ ಕಾರಣಕ್ಕೆ ಕಲ್ಕತ್ತಾ, ಪಾಟ್ನಾ ಹೈಕೋರ್ಟುಗಳು ಹೊರಗೆ ನಿಲ್ಲಿಸಿದ್ದವು.

ಇನ್ನೊಂದು ಮಡಿಕೆ ಇದೆ. ಷೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನ ರಂಗದ ಮೇಲೆ ಹೆಂಗಸರಿಗೆ ಜಾಗವಿರಲಿಲ್ಲ. ಹೆಣ್ಣು ಪಾತ್ರ ಮಾಡುತ್ತಿದ್ದವರು ಹುಡುಗರು. ಅಂದರೆ ಗಂಡು ಹುಡುಗನೊಬ್ಬ ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗಿ ನಿಂತು ಹೇಳಿದ ಮಾತು ಇದು. ನಮ್ಮ ಕಡೆ ಮಕ್ಕಳಿಗೆ ಇದು ಹೊಸದೇನಲ್ಲ. ಊರ ಜಾತ್ರೆಯ ನಾಟಕದಲ್ಲಿ ಗಂಡಸರು ಸೀರೆ ಉಟ್ಟು ಪಾತ್ರ ಮಾಡಿದ ಕಥೆ ಅಜ್ಜಂದಿರ ಬಾಯಲ್ಲಿ ಈಗಲೂ ಸಿಗುತ್ತದೆ. ದಾವಣಗೆರೆಯ ಚಿಂದೋಡಿ ಲೀಲಾ ಅವರ ಹೆಸರನ್ನು ಇಲ್ಲಿ ಎತ್ತಿ. ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಪಾತ್ರ ಮಾಡುತ್ತಲೇ ಕಂಪನಿಯ ಭಾರವನ್ನೂ ಹೊತ್ತು ನಡೆಸಿದ ಹೆಂಗಸು, ಪದ್ಮಶ್ರೀ ಪಡೆದವರು. ರಂಗದ ಮೇಲೆ ನಿಲ್ಲುವುದು ಬೇರೆ, ಟಿಕೆಟ್ಟಿನ ಗಲ್ಲಾಪೆಟ್ಟಿಗೆ ಕೈಯಲ್ಲಿರುವುದು ಬೇರೆ. ಈ ವ್ಯತ್ಯಾಸ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಸಮಯ ಸಿಕ್ಕರೆ ಪೋರ್ಷಿಯಾಳ ಹಿಂದಿನ ಕಥೆಯನ್ನೂ ಹೇಳಿ. ಇಷ್ಟು ಬುದ್ಧಿಯ ಹೆಣ್ಣಿಗೆ ತನ್ನ ಗಂಡನನ್ನು ತಾನೇ ಆರಿಸುವ ಸ್ವಾತಂತ್ರ್ಯವಿಲ್ಲ. ಸತ್ತುಹೋದ ಅಪ್ಪ ಮೂರು ಪೆಟ್ಟಿಗೆ ಇಟ್ಟು ಹೋಗಿದ್ದಾನೆ, ಸರಿಯಾದ ಪೆಟ್ಟಿಗೆ ಆರಿಸಿದವನಿಗೆ ಮಗಳು. ಬೇಕಾದವನನ್ನು ಆರಿಸುವ ಹಾಗಿಲ್ಲ, ಬೇಡವಾದವನನ್ನು ಬೇಡ ಅನ್ನುವ ಹಾಗೂ ಇಲ್ಲ ಎಂದು ಅವಳೇ ಗೊಣಗುತ್ತಾಳೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಓದೋ ಮದುವೆಯೋ ಎಂಬ ಗುಸುಗುಸು ಮನೆಯಲ್ಲಿ ಕೇಳುತ್ತಿರುವ ಹುಡುಗಿಯರು ನಿಮ್ಮ ಬೆಂಚುಗಳಲ್ಲಿ ಇರಬಹುದು. ನೀವು ಅವರ ಕಡೆ ನೋಡದೆ ಪೋರ್ಷಿಯಾಳ ಬಗ್ಗೆ ಮಾತಾಡಿ, ಅವರು ಕೇಳಿಸಿಕೊಳ್ಳುತ್ತಾರೆ. ಹಾಗೆಂದು ಪೋರ್ಷಿಯಾಳನ್ನು ದೇವತೆ ಮಾಡಬೇಡಿ. ದಯೆಯ ಬಗ್ಗೆ ಅಷ್ಟು ಚೆಂದ ಮಾತಾಡಿದ ಅದೇ ಕೋರ್ಟಿನಲ್ಲಿ, ಸಾಲ ಕೊಟ್ಟು ದಾವೆ ಹೂಡಿದ ಶೈಲಾಕ್‌ಗೆ ಸಿಕ್ಕ ದಯೆ ಎಂಥದ್ದು ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ, ಕೇಳಲಿ.

ವೇಷದ ಮಾತು ಬಂದಾಗ ಒಂದು ಎಚ್ಚರ. ಹುಡುಗನಿಗೆ ಹೆಣ್ಣು ಪಾತ್ರ ಕೊಟ್ಟು ಕ್ಲಾಸನ್ನು ನಗಿಸುವ ಚಾಳಿ ನಮ್ಮಲ್ಲಿದೆ. ಮೆತ್ತಗೆ ನಡೆಯುವ, ಮೆತ್ತಗೆ ಮಾತಾಡುವ ಹುಡುಗನೊಬ್ಬ ಪ್ರತಿ ಕ್ಲಾಸಿನಲ್ಲೂ ಇರುತ್ತಾನೆ, ಆ ನಗು ನೇರ ಅವನಿಗೇ ತಾಗುತ್ತದೆ. ‘ನಡುವೆ ಸುಳಿವ ಆತ್ಮ’ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ವಚನ ನಮ್ಮ ಮಕ್ಕಳಿಗೆ ಹೊರಗಿನದಲ್ಲ, ಎ.ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೂ ತಂದಿದ್ದಾರೆ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಒಂದು ಪೀರಿಯಡ್ ಓದಿಸಬಹುದು.

ಓಬವ್ವನ ವಿಷಯ ಹೇಳಲೇಬೇಕು, ಯಾಕೆಂದರೆ ಚಿತ್ರದುರ್ಗ, ದಾವಣಗೆರೆಯ ಎಷ್ಟೋ ಶಿಕ್ಷಕರು ಈ ಪ್ರಶ್ನೆಗೆ ಅವಳನ್ನೇ ಉತ್ತರವಾಗಿ ಮುಂದೆ ನಿಲ್ಲಿಸುತ್ತಾರೆ. ನವೆಂಬರ್ 11ಕ್ಕೆ ಜಯಂತಿ ಮಾಡಿದೆವು, ಒನಕೆ ಹಿಡಿದ ಚಿತ್ರ ಬರೆಸಿದೆವು, ಪ್ರಬಂಧ ಸ್ಪರ್ಧೆ ಇಟ್ಟೆವು, ಇನ್ನೇನು ಬೇಕು? ಪೂರಕ ಪಾಠದ ಡಿಕ್ಕಿ ಡೋಲ್ಮಾ ವಿಷಯವೂ ಹೀಗೆಯೇ. 1993ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ಎವರೆಸ್ಟ್ ಹತ್ತಿದ ಹುಡುಗಿ. ಇಂಥ ಪಾಠ ಬೇಡ ಅನ್ನುತ್ತಿಲ್ಲ. ಆದರೆ ಇಬ್ಬರನ್ನೂ ಓದಿದ ಹುಡುಗಿ ‘ಅವರು ಅಂಥವರು, ನಾವು ಇಂಥವರು’ ಎಂದುಕೊಂಡು ಪುಸ್ತಕ ಮುಚ್ಚುತ್ತಾಳೆ. ವೀರವನಿತೆಯ ಪಾಠ ಎಷ್ಟು ಸುಲಭವೋ ತೊಟ್ಟಿಲು ತೂಗುವ ಅಮ್ಮನ ನಾಲ್ಕು ಸಾಲು ಅಷ್ಟೇ ಕಷ್ಟ, ನನ್ನ ಲೆಕ್ಕದಲ್ಲಿ ಹೆಚ್ಚು ಕೆಲಸ ಮಾಡುವುದು ಆ ನಾಲ್ಕು ಸಾಲೇ. ಓಬವ್ವನನ್ನೇ ತರುವುದಿದ್ದರೆ ಹೊಗಳುವ ಪ್ರಬಂಧ ಬಿಟ್ಟು ಪ್ರಶ್ನೆ ಕೇಳಿ. ಕಾವಲು ಯಾರ ಕೆಲಸವಾಗಿತ್ತು, ಆ ಹೊತ್ತಿಗೆ ಅವನು ಎಲ್ಲಿದ್ದ, ಕೂಗಿ ಕರೆಯದೆ ಅವಳೇ ಯಾಕೆ ನಿಂತಳು?

ಪಾಠದಷ್ಟೇ ಮುಖ್ಯವಾದದ್ದು ನೀವು ಪ್ರಶ್ನೆ ಎಸೆಯುವ ರೀತಿ. ಒಂದು ವಾರ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿಗೆ ಹಾಳೆ ಕೊಟ್ಟು ಮೂರು ಕಾಲಂ ಹಾಕಿಸಿ. ಓದು ಅಂದದ್ದು ಯಾರಿಗೆ, ಬೋರ್ಡಿನ ಮೇಲೆ ಬರೆ ಅಂದದ್ದು ಯಾರಿಗೆ, ಯಾಕೆ ಎಂದು ಕೇಳಿದ್ದು ಯಾರಿಗೆ. ಹುಡುಗನಿಗೆ ಒಂದು ಗೀಟು, ಹುಡುಗಿಗೆ ಒಂದು ಸೊನ್ನೆ. ಸೊನ್ನೆಗಳೆಲ್ಲ ಮೊದಲ ಎರಡು ಕಾಲಂನಲ್ಲಿ ತುಂಬಿದ್ದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರವಿದೆ. ಅಮೆರಿಕದ ತರಗತಿಗಳಲ್ಲಿ ವರ್ಷಗಟ್ಟಲೆ ಕೂತು ನೋಡಿದ ಮೈರಾ ಮತ್ತು ಡೇವಿಡ್ ಸ್ಯಾಡ್ಕರ್ ದಂಪತಿ 1994ರ ತಮ್ಮ ಪುಸ್ತಕದಲ್ಲಿ ಬರೆದದ್ದೂ ಇದನ್ನೇ. ಕೈ ಎತ್ತದೆ ಕೂಗಿದ ಹುಡುಗನ ಉತ್ತರವನ್ನು ಶಿಕ್ಷಕರು ಎತ್ತಿಕೊಳ್ಳುತ್ತಾರೆ, ಹುಡುಗಿ ಕೂಗಿದರೆ ‘ಮೊದಲು ಕೈ ಎತ್ತು’ ಅನ್ನುತ್ತಾರೆ. ಹೀಗೆ ಮಾಡುವವರು ಶಿಕ್ಷಕಿಯರೂ ಹೌದು, ಬೇಕೆಂದು ಮಾಡುವುದೂ ಅಲ್ಲ.

ಇದಕ್ಕೆ ಖರ್ಚಿಲ್ಲದ ಮದ್ದು ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಅಂದರೆ ಕ್ಲಾಸಿನಲ್ಲಿ ಒಂದು ಯುಗ, ಗಂಟಲು ತುರಿಸುತ್ತದೆ. ತಡೆದುಕೊಳ್ಳಿ. ಅದಕ್ಕೂ ಮೊದಲು ಎಲ್ಲರಿಂದಲೂ ಒಂದು ಸಾಲು ಬರೆಸಿ, ಬರೆದದ್ದನ್ನು ಓದಿಸಿ. ಚೆಂದ ನೋಟ್ಸ್ ಬರೆಯುವ ನಿಮ್ಮ ಹುಡುಗಿಯರಿಗೆ ಇದು ಸಲೀಸು.

ವ್ಯಾಕರಣದಲ್ಲಿ ಹೆಚ್ಚು ಹೇಳುವುದಿಲ್ಲ. ಪ್ಯಾಸಿವ್ ವಾಯ್ಸ್ ಅಂದರೆ ಅಮ್ಮ ಅಡುಗೆ ಮಾಡುವುದು, ಅಪ್ಪ ಪೇಪರ್ ಓದುವುದು, ಈ ವಾಕ್ಯಗಳು ನಮ್ಮ ಬಾಯಲ್ಲಿ ತಾವಾಗಿ ಬರುತ್ತವೆ. ಅದಲುಬದಲು ಮಾಡಿದರೆ ಆಯಿತು. ಪ್ರೊಫೈಲ್ ಬರೆಸುವಾಗ ಒಮ್ಮೆ ಬಸ್ ಕಂಡಕ್ಟರ್ ಹೆಂಗಸು, ಇನ್ನೊಮ್ಮೆ ನರ್ಸ್ ಕೆಲಸದ ಗಂಡಸು. ಇದರ ಬಗ್ಗೆ ಕ್ಲಾಸಿನಲ್ಲಿ ಒಂದು ಮಾತೂ ಬೇಡ.

ಹೀಗೆ ಓದಿಸತೊಡಗಿದ ಮೇಲೆ ಒಂದಲ್ಲ ಒಂದು ದಿನ ಒಬ್ಬಳು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಬಹುದು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂದೋ, ಅದಕ್ಕಿಂತ ಕೆಟ್ಟದ್ದನ್ನೋ ಹೇಳಬಹುದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ವರದಿ ಮಾಡಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ.

ಕೊನೆಗೆ ನಿಮ್ಮ ಮುಖ್ಯ ಶಿಕ್ಷಕರು. ಅವರ ಆತಂಕ ಸುಳ್ಳಲ್ಲ, ಫಲಿತಾಂಶ ಕಡಿಮೆಯಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದವರು ಅವರೇ. ಅವರ ಜೊತೆ ಸಮಾನತೆಯ ವಾದಕ್ಕೆ ಇಳಿಯಬೇಡಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಎನ್‌ಸಿಇಆರ್‌ಟಿ ಈ ವಿಷಯಕ್ಕೆಂದೇ ಪ್ರತ್ಯೇಕ ನಿಲುವು ಪತ್ರ ತಂದಿದೆ ಎಂಬುದು ನಿಮಗೆ ತಿಳಿದಿದ್ದರೆ ಸಾಕು, ತಂದು ಮೇಜಿನ ಮೇಲಿಡುವುದು ಬೇಡ. ಪರೀಕ್ಷೆಯ ಭಾಷೆಯಲ್ಲೇ ಮಾತಾಡಿ. ‘ಹೂ ಸೆಡ್ ದಿಸ್, ಟು ಹೂಮ್, ವೆನ್’ ಎಂಬ ಎಕ್ಸ್‌ಟ್ರ್ಯಾಕ್ಟ್ ಪ್ರಶ್ನೆಗೆ ಮಕ್ಕಳು ತಡವರಿಸುವುದು ಯಾರ ಮಾತು ಯಾವುದೆಂದು ಪಾಠದಲ್ಲಿ ಗುರುತಿಸದೇ ಇರುವುದರಿಂದ. ನಾನು ಹೇಳಿದ ಅಭ್ಯಾಸದಲ್ಲಿ ಹುಡುಕಿಸುವುದೂ ಅದನ್ನೇ. ‘ಎ ಹೀರೋ’ ಪಾಠಕ್ಕೆ ಒಂದು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಇಡಿ. ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ಮತ್ತು ಅಜ್ಜಿ ಅಡುಗೆಮನೆಯಲ್ಲಿ ಆಡಿಕೊಂಡ ಮಾತು, ಎಂಟು ಸಾಲಿನ ಸಂಭಾಷಣೆ, ಒಬ್ಬ ಹುಡುಗ ಒಬ್ಬಳು ಹುಡುಗಿ ಸೇರಿ ಬರೆಯಬೇಕು. ಜೋಡಿಯಾಗಿ ಕೂರಿಸುವುದಕ್ಕೆ ಊರಲ್ಲಿ ಯಾರಾದರೂ ಮಾತಾಡುತ್ತಾರೆ ಅನ್ನಿಸಿದರೆ ನಾಲ್ವರ ಗುಂಪು ಮಾಡಿ, ಗುಂಪಿನ ಉತ್ತರ ಓದಿ ಹೇಳುವ ಸರದಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಹಾಕಿ. ಆ ಹಾಳೆಗಳನ್ನು ಅಂಕ ಹಾಕಿ ಫೈಲ್ ಮಾಡಿಡಿ, ವಿಷಯ ಪರಿವೀಕ್ಷಕರು ಬಂದ ದಿನ ಮುಖ್ಯ ಶಿಕ್ಷಕರೇ ಕೇಳಿ ತರಿಸಿಕೊಳ್ಳುತ್ತಾರೆ.